ಬಾವಿ ಸುತ್ತಿನ ಹಳಿ

ದೀಪ ಸ್ವಲ್ಪ ಇಳಿಸಿ. ಈ ಕತೆಗೆ ಅಷ್ಟು ಬೆಳಕು ಬೇಡ... ಕತೆ ಅಂದೆನಲ್ಲ, ಬಾಯಿ ತಪ್ಪಿ ಬಂತು. ಇದು ನಡೆದದ್ದು. ನಮ್ಮ ಸೋದರತ್ತೆ ಮಗ ಮಾಯಣ್ಣನಿಗೆ ನಡೆದದ್ದು. ಅವನ ತೋಟಕ್ಕೂ ನಮ್ಮ ತೋಟಕ್ಕೂ ನಡುವೆ ಒಂದು ಕಳ್ಳಿಬೇಲಿ, ಅಷ್ಟೆ. ಹಾಗಾಗಿ ಅವರಿವರು ಹೇಳಿದ್ದನ್ನು ನಾನು ಹೇಳುತ್ತಿಲ್ಲ.

ಎಂಬತ್ತೊಂದನೇ ಇಸವಿ. ಗಣೇಶನ ಹಬ್ಬ ಕಳೆದು ನಾಲ್ಕು ದಿನವಾಗಿತ್ತು. ತಿಪಟೂರಿನ ಕೊನೇ ಬಸ್ಸು ಮಾಯಣ್ಣನನ್ನು ನೊಣವಿನಕೆರೆಯಲ್ಲಿ ಇಳಿಸಿ ಹೋಯಿತು. ಜೊತೆಗೆ ಒಂದು ಹೊಸಾ ತಾಮ್ರದ ಹಂಡೆ. ಬಚ್ಚಲಲ್ಲಿ ಹೂತು ನೀರು ಕಾಯಿಸುತ್ತಾರಲ್ಲ, ಅಂಥದು. ಅದನ್ನು ತಲೆ ಮೇಲೆ ಬೋರಲು ಹಾಕಿಕೊಂಡು ತೋಟದ ಮನೆ ಕಡೆ ಹೊರಟ. ಎರಡು ಮೈಲಿ ದಾರಿ. ಹಂಡೆ ಭುಜದವರೆಗೂ ಇಳಿದಿತ್ತು. ಕಾಲ ಕೆಳಗಿನ ನೆಲ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ದಾರಿ ಶ್ರೀರಂಗಯ್ಯನ ಬಾವಿಯ ಪಕ್ಕದಲ್ಲೇ ಹಾಯಬೇಕು. ಶ್ರೀರಂಗಯ್ಯ ಮಾಯಣ್ಣನ ದೊಡ್ಡಪ್ಪ. ಸತ್ತು ಎರಡು ವರ್ಷವಾಗುತ್ತಾ ಬಂದಿತ್ತು.

ಬಾವಿ ಹತ್ತಿರ ಬಂದಾಗ ಸದ್ದು ಕೇಳಿಸಿತು. ಟಿಕ್... ಟಿಕ್... ಟಿಕ್... ಬಾವಿ ಸುತ್ತ ಶ್ರೀರಂಗಯ್ಯ ಹಾಕಿದ್ದ ಪುಟ್ಟ ರೈಲು ಹಳಿಯಿಂದ. ದೂರದಲ್ಲಿ ರೈಲು ಬರುವಾಗ ಹಳಿಗೆ ಕಿವಿ ಇಟ್ಟರೆ ಕೇಳುತ್ತದಲ್ಲ, ಅದೇ ಸದ್ದು. ಮಾಯಣ್ಣ ನಿಂತ. ಗಾಳಿ ಈ ಕಡೆ ತಿರುಗಿದರೆ ತಿಪಟೂರಿನ ರೈಲಿನ ಸದ್ದು ನಮಗೆ ಕೇಳುತ್ತಿತ್ತು. ಅದೇ ಇರಬೇಕು ಅಂದುಕೊಂಡ.

ಆಗ... ಹಂಡೆಯ ಒಳಗಿಂದ, ಅವನ ಬಲಗಿವಿಗೆ ತಗುಲುವಷ್ಟು ಹತ್ತಿರದಿಂದ, ಯಾರೋ ಪಿಸುಗುಟ್ಟಿದರು.

"ನೀರು ನೋಡ್ದೇನ್ಲಾ?"

ಅವನಿಗೆ ಆ ದನಿ ಯಾರದೆಂದು ಗೊತ್ತಿತ್ತು. ಗೊತ್ತಿಲ್ಲದೆ ಇರುವುದು ಹೇಗೆ? ಮನೆವರೆಗೂ ಓಡಿದ. ಹಂಡೆ ಮಾತ್ರ ಬಿಡಲಿಲ್ಲ, ಅದನ್ನೂ ಹೇಳಬೇಕು. ನಮ್ಮ ಮಾಯಣ್ಣ ಅಂಥವನೇ.

ಈಗ ಶ್ರೀರಂಗಯ್ಯನ ವಿಷಯ ಕೇಳಿ. ಅವರು ಅರಸೀಕೆರೆ ರೈಲ್ವೆ ಶೆಡ್ಡಿನಲ್ಲಿ ಮೂವತ್ತು ವರ್ಷ ಇದ್ದವರು. ಮೊದಲು ಇಂಜಿನ್ನಿಗೆ ಕಲ್ಲಿದ್ದಲು ಎಸೆಯುವ ಫೈರ್‌ಮನ್, ಆಮೇಲೆ ಡ್ರೈವರ್. ಹೆಂಡತಿ ಬೇಗ ಹೋದಳು, ಮಕ್ಕಳಿಲ್ಲ. ರಿಟೈರ್ ಆಗಿ ತೋಟಕ್ಕೆ ಬಂದವರು ಹನ್ನೊಂದು ವರ್ಷ ಕೂತು ಒಂದು ಇಂಜಿನ್ ಮಾಡಿದರು. ಎರಡು ಮೊಳ ಉದ್ದ. ತಾಮ್ರದ ಬಾಯ್ಲರು, ಹಿತ್ತಾಳೆಯ ಚಕ್ರ, ಹಿತ್ತಾಳೆಯ ಸೀಟಿ. ಆಟದ ಸಾಮಾನಲ್ಲ ರೀ ಅದು. ತೆಂಗಿನ ಚಿಪ್ಪಿನ ಇದ್ದಿಲು ಹಾಕಿ ಬೆಂಕಿ ಕೊಟ್ಟರೆ ನಿಜವಾದ ಉಗಿ ಕಟ್ಟುತ್ತಿತ್ತು. ಬಾವಿ ಸುತ್ತ ತೆಂಗಿನ ಮರದ ತುಂಡುಗಳನ್ನು ಹಾಸಿ, ಮೇಲೆ ಕಬ್ಬಿಣದ ಪಟ್ಟಿ ಬಡಿದು ಹಳಿ ಮಾಡಿದ್ದರು. ಸಂಜೆ ಹೊತ್ತು ಅದು ಓಡುವುದನ್ನು ನೋಡಲು ನೊಣವಿನಕೆರೆಯಿಂದಲೂ ಜನ ಬರುತ್ತಿದ್ದರು. ಚಕ್ ಚಕ್ ಚಕ್ ಅಂತ ಬಾವಿ ಸುತ್ತಿ, ಕೂಗು ಹಾಕುತ್ತಿತ್ತು. ಉದ್ದಕ್ಕೊಂದು, ಗಿಡ್ಡಕ್ಕೆರಡು. ಕೂ...ಊ... ಕೂ, ಕೂ. ಪ್ರತೀ ಸಲ ಹಾಗೇ.

"ನನ್ ಮಗ್ಳು ಕಣಪ್ಪ ಇವ್ಳು" ಅನ್ನುತ್ತಿದ್ದರು. ತಮಾಷೆಗಲ್ಲ.

ಬೆಂಕಿ ಹಚ್ಚುವ ಮೊದಲು ಪಕ್ಕದಲ್ಲಿ ಯಾರಿದ್ದರೂ ಅವರನ್ನು ಕೇಳುತ್ತಿದ್ದದ್ದು ಒಂದೇ ಮಾತು. "ನೀರು ನೋಡ್ದೇನ್ಲಾ?" ನಮ್ಮ ಮನೆ ಒಲೆ ಮೇಲೆ ಅನ್ನದ ಎಸರಿಟ್ಟಿದ್ದರೂ ಕೇಳೋರು. ಒಂದು ದಿನ ನಾನು ನಕ್ಕೆ. ಅವರಿಗೆ ಸಿಟ್ಟು ಬಂತು. "ನಗ್ಬೇಡ ಕಣ್ಲಾ. ನೀರಾರಿ ಕೆಂಪಗೆ ಕಾದಿರೋ ಬಾಯ್ಲರ್‌ಗೆ ತಣ್ಣೀರು ಹುಯ್ದೆ ಅಂದ್ರೆ ಅದು ನಿನ್ನ ಸುಮ್ನೆ ಬುಡಾಕಿಲ್ಲ. ನೋಡಿವ್ನಿ ನಾನು" ಅಂದರು.

ಇನ್ನೊಂದು ಮಾತೂ ಹೇಳಿದ್ದರು. ಸಂಜೆ ಓಡಿಸಿ ಮುಗಿದ ಮೇಲೆ ಹಳಿಯನ್ನು ಬೆರಳಿಂದ ಸವರುತ್ತಾ, "ಮೇಲ್ಗಡೆ ಹೊಳೀತಾ ಐತೆ ಅಂದ್ರೆ ಬಂಡಿ ಓಡ್ತಾ ಐತೆ ಅಂತ. ತುಕ್ಕು ಬಂತು ಅಂದ್ರೆ ಆ ಲೈನು ಸತ್ತಂಗೆ" ಅಂದಿದ್ದರು. ಆ ಮಾತು ನೆನಪಿಟ್ಟುಕೊಳ್ಳಿ.

ಸಾಯುವ ಹಿಂದಿನ ದಿನ ಮಾಯಣ್ಣನನ್ನು ಕರೆಸಿದರು. ನಾನೂ ಮಂಚದ ಪಕ್ಕದಲ್ಲಿದ್ದೆ. ತೋಟ, ಬಾವಿ, ಮನೆ, ಎಲ್ಲಾ ನಿನಗೇ ಅಂದರು. ಕೇಳಿದ್ದು ಒಂದೇ ಒಂದು. "ಮಾರ್ಲಮಿ ಎಡೇಲಿ ಅವ್ಳನ್ನ ನನ್ ಮುಂದೆ ಮಡಗು. ಒಂದ್ ಸುತ್ತು ಓಡ್ಸು. ಒಂದ್ಸಲ ಕೂಗ್ಸು. ಅಷ್ಟು ಸಾಕು. ಮುರೀಬೇಡ, ಮಾರ್ಬೇಡ."

ಮಾರ್ಲಮಿ ಅಂದರೆ ಮಹಾಲಯ ಅಮಾವಾಸ್ಯೆ. ಅವತ್ತು ಹಿರಿಯರಿಗೆ ಪ್ರೀತಿಯಾದದ್ದನ್ನೆಲ್ಲ ಎಡೆಗಿಟ್ಟು, ಬಾಗಿಲು ಹಾಕಿಕೊಂಡು ಹೊರಗೆ ಕಾಯುತ್ತೇವೆ. ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಹೆಂಡ.

ಮಾಯಣ್ಣ ಬಲಗೈಯನ್ನು ದೊಡ್ಡಪ್ಪನ ಕೈ ಮೇಲಿಟ್ಟು ಭಾಷೆ ಕೊಟ್ಟ. "ಆಗ್ಲಿ ದೊಡ್ಡಪ್ಪ." ಮುದುಕ ಆ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ಮೊದಲನೇ ವರ್ಷ ಇಟ್ಟ. ಓಡಿಸಿದ, ಕೂಗಿಸಿದ. ಎರಡನೇ ವರ್ಷ ನೆಂಟರ ಮನೆಯಲ್ಲಿ ತಾಮ್ರದ ಹಂಡೆ ನೋಡಿ ಬಂದ. ಅವನ ಮನೆಯಲ್ಲಿದ್ದದ್ದು ಮಣ್ಣಿನದು. ಅಲ್ಲಿಗೆ ಹಿಡಿಯಿತು ನೋಡಿ ಶನಿ. ಹೊಟ್ಟೆಗಿಲ್ಲ ಅಂತಲ್ಲ, ಕಾಯಿಲೆ ಕಸಾಲೆ ಅಂತಲ್ಲ. ಬರೀ ಹಂಡೆ ಚಪಲ! ತಿಪಟೂರಿನ ಪಾತ್ರೆ ಅಂಗಡಿಯಲ್ಲಿ ಹಳೇ ತಾಮ್ರ ಹಿತ್ತಾಳೆ ಕೊಟ್ಟರೆ ಹೊಸಾ ಪಾತ್ರೆ ಕೊಡುತ್ತಿದ್ದರು. ಇಂಜಿನ್ನನ್ನು ಗೋಣಿಚೀಲದಲ್ಲಿ ಕಟ್ಟಿ ಬಸ್ ನಿಲ್ದಾಣಕ್ಕೆ ಹೊತ್ತ. ಒಬ್ಬನಿಗೆ ಆಗಲಿಲ್ಲ. ನಾನು ಇನ್ನೊಂದು ಕಡೆ ಹಿಡಿದೆ. "ಕಲಾಯಿ ಹಾಕ್ಸಕೆ ತಗೊಂಡೋಯ್ತಾ ಇವ್ನಿ" ಅಂದ. ನಂಬಿದೆ. ಅದನ್ನು ನೆನೆಸಿಕೊಂಡರೆ ನನ್ನ ಕೈ ಮೇಲೆ ನನಗೇ ಈಗಲೂ ಹೇಸಿಗೆ ಆಗುತ್ತದೆ.

ಹೋದದ್ದು ಇಂಜಿನ್, ಬಂದದ್ದು ಹಂಡೆ. ಬಾವಿ ಹತ್ತಿರದಿಂದ ಅವನು ಓಡಿ ಬಂದ ರಾತ್ರಿ ಅದು.

ಮಾರನೇ ದಿನವೇ ಬಚ್ಚಲ ಒಲೆಯಲ್ಲಿ ಹಂಡೆ ಹೂತರು. ಆಮೇಲೆ ಶುರುವಾಯಿತು. ಸಾಯಂಕಾಲ ತುಂಬಿಸಿದ ನೀರು ಬೆಳಿಗ್ಗೆಗೆ ಒಂದು ಗೇಣು ಇಳಿದಿರುತ್ತಿತ್ತು. ತೂತಿಲ್ಲ, ಜಿನುಗಿಲ್ಲ. ರಾತ್ರಿ ಬೆಂಕಿ ಇಲ್ಲದ ಹಂಡೆಯಿಂದ ಸಣ್ಣಗೆ ಸುಂಯ್... ಅನ್ನುವ ಸದ್ದು. ಮಾಯಣ್ಣನ ಹೆಂಡತಿ ಪುಟ್ಟಗಂಗಮ್ಮ ನಮ್ಮ ಮನೆಗೆ ಬಂದು ಎಲ್ಲಾ ಹೇಳಿದಳು. ಇಂಜಿನ್ ಎಲ್ಲಿ ಹೋಯಿತು ಅಂತ ನನಗೆ ಗೊತ್ತಾದದ್ದು ಆವಾಗಲೇ. ನಾನು ಹೋಗಿ ಬೈದೆ.

"ಬಿಡಿಸ್ಕೊಂಡ್ ಬಾ ಹೋಗ್ಲಾ ಅದ್ನ."

"ಇನ್ನೆಲ್ಲಿ ಬಿಡಿಸ್ಕಂಬರ್ಲಿ? ಅಂಗಡಿಯೋನು ನನ್ನೆದುರ್ಗೇ ಸುತ್ತಿಗೇಲಿ ಜಜ್ಜಿ ಮೂಟೆ ಕಟ್ದ. ಸತ್ತೋರಿಗೆ ಯಾಕ್ಲಾ ಇಂಜಿನ್ನು?"

ನನ್ನೆದುರಿಗೇ ಜಜ್ಜಿದ ಅಂತ ನಗುನಗುತ್ತಾ ಹೇಳಿದ, ಪಾಪಿ.

ಮಾರ್ಲಮಿ ಬಂತು. ನೆಂಟರು ಅಂತ ನಾವೂ ಹೋಗಿದ್ದೆವು. ಮಧ್ಯಾಹ್ನ ಹಂಡೆಗೆ ಹನ್ನೆರಡು ಕೊಡ ನೀರು ತುಂಬಿಸಿದರು. ನಾಲ್ಕು ಕೊಡ ಹೊತ್ತವನು ನಾನೇ. ಕಂಠಮಟ್ಟ ತುಂಬಿತ್ತು, ಈ ಕಣ್ಣಲ್ಲಿ ನೋಡಿದ್ದೇನೆ. ಮಾಯಣ್ಣ ಒಲೆಗೆ ಮಟ್ಟೆ, ಚಿಪ್ಪು ಒಟ್ಟಿ ಬೆಂಕಿ ಹಾಕಿದ. ಎಡೆ ಇಡುವವನು ತಲೆಗೆ ನೀರು ಹಾಕಿಕೊಳ್ಳಬೇಕಲ್ಲ.

ನೀರು ಕಾಯುವಷ್ಟರಲ್ಲಿ ಎಡೆ ಸಾಮಾನೆಲ್ಲ ಒಂದು ಮೊರಕ್ಕೆ ಜೋಡಿಸಿದರು. ಹೊಸಾ ಪಂಚೆ, ಕಜ್ಜಾಯ, ಬಾಡಿನ ಸಾರು, ಬೀಡಿಕಟ್ಟು. ಪುಟ್ಟಗಂಗಮ್ಮ ಮೆಲ್ಲಗೆ ಕೇಳಿದಳು.

"ಅದ್ರ ಜಾಗ್ದಲ್ಲಿ ಏನ್ ಮಡಗೋದು?"

ಮಾಯಣ್ಣ ಜೇಬಿಂದ ಬೆಂಕಿಪೊಟ್ಟಣ ತೆಗೆದ. ಅದರ ಮೇಲೆ ಒಂದು ರೈಲು ಇಂಜಿನ್ನಿನ ಚಿತ್ರವಿತ್ತು. ಮೊರಕ್ಕೆ ಎಸೆದ.

"ತಗಾ. ಇಂಜಿನ್ನೂ ಆಯ್ತು, ಬೀಡಿ ಹಚ್ಕೊಳಕೂ ಆಯ್ತು. ಸಾಕ್ ಬುಡು."

ಅವನು ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದ.

ಹೊರಗೆ ಕತ್ತಲಾಗುತ್ತಿತ್ತು. ನಾವು ಜಗಲಿ ಮೇಲಿದ್ದೆವು. ಬಾವಿ ಕಡೆಯಿಂದ... ಟಿಕ್. ಟಿಕ್. ಟಿಕ್. ಪುಟ್ಟಗಂಗಮ್ಮ ನನ್ನ ಮುಖ ನೋಡಿದಳು. ಅವಳಿಗೂ ಕೇಳಿಸಿತ್ತು. ಆಮೇಲೆ ಚಕ್... ಚಕ್... ಚಕ್, ಚಕ್, ಚಕ್ಚಕ್ಚಕ್ಚಕ್. ಒಂದು ಸುತ್ತು. ಬಾವಿಯ ಆ ಕಡೆಗೆ ಹೋದಾಗ ಸಣ್ಣಗಾಗಿ, ಈ ಕಡೆಗೆ ಬಂದಾಗ ಜೋರಾಗಿ. ಎದ್ದು ನೋಡಬೇಕು ಅನ್ನಿಸಿತು. ಆದರೆ ಏಳಲಿಲ್ಲ.

ಬಚ್ಚಲಲ್ಲಿ ಏನಾಯಿತು ಅನ್ನುವುದನ್ನು ಮಾಯಣ್ಣ ಆಮೇಲೆ ಆಸ್ಪತ್ರೆಯಲ್ಲಿ ನನಗೊಬ್ಬನಿಗೇ ಹೇಳಿದ. ಬಾಗಿಲು ಹಾಕಿದ. ಹಂಡೆ ಮುಚ್ಚಳ ತೆಗೆದ. ಒಳಗೆ ನೀರಿಲ್ಲ. ಒಂದು ತೊಟ್ಟೂ ಇಲ್ಲ. ತಳ ಕೆಂಪಗೆ ಕೆಂಡದ ಹಾಗೆ ಬೆಳಗುತ್ತಿತ್ತು. ಆಗ ಬಲಗಿವಿಯಲ್ಲಿ ಪಿಸುಮಾತು...

"ನೀರು ನೋಡ್ದೇನ್ಲಾ?"

ಅಷ್ಟು ಸಲ ಕೇಳಿದ್ದ ಮಾತು, ಅಷ್ಟು ಸಲ ಕೇಳಿದ್ದ ಬುದ್ಧಿ. ಆ ಗಳಿಗೆಯಲ್ಲಿ ಒಂದೂ ನೆನಪಾಗಲಿಲ್ಲ. ಹೊಸಾ ಹಂಡೆ ಸುಟ್ಟು ಹೋಗುತ್ತದಲ್ಲ ಅನ್ನುವುದೊಂದೇ ತಲೆಯಲ್ಲಿ. ಪಕ್ಕದಲ್ಲಿದ್ದ ಬಕೆಟ್ಟಿನ ತಣ್ಣೀರನ್ನು ಎತ್ತಿ ಸುರಿದ.

ನಮಗೆ ಕೇಳಿಸಿದ್ದು ಮೊದಲು 'ಢಬ್' ಅಂತ ಒಂದು ಸದ್ದು. ಆಮೇಲೆ ಕೇಳಿಸಿದ್ದು ಮನುಷ್ಯನ ಕೂಗಲ್ಲ. ಕೂ...ಊ... ಕೂ, ಕೂ. ಉದ್ದಕ್ಕೊಂದು, ಗಿಡ್ಡಕ್ಕೆರಡು. ಮಾಯಣ್ಣ ಕಿರುಚಿದ್ದು ಅದಾದ ಮೇಲೆ.

ಬಾಗಿಲು ಒದ್ದು ಒಳಗೆ ಹೋದೆ. ಉಗಿಯಲ್ಲಿ ಏನೂ ಕಾಣಲಿಲ್ಲ. ಇವನು ಮೂಲೆಯಲ್ಲಿ ಬಿದ್ದಿದ್ದ. ಮುಖಕ್ಕೆ ಅಷ್ಟಾಗಿರಲಿಲ್ಲ. ಬಲಗೈ ಮಾತ್ರ ಮೊಣಕೈವರೆಗೂ ಬೆಂದು ಹೋಗಿತ್ತು. ಎಡಗೈಗೆ ಒಂದು ಗುಳ್ಳೆ ಕೂಡ ಇಲ್ಲ. ಎರಡೂ ಕೈಯಲ್ಲಿ ಬಕೆಟ್ ಎತ್ತಿದವನು ಅವನು, ಯೋಚನೆ ಮಾಡಿ. ಭಾಷೆ ಕೊಟ್ಟ ಕೈ ಅದು. ಈಗ ಐದು ಬೆರಳೂ ಸೇರಿ ಒಂದೇ ಆಗಿದೆ, ಅನ್ನ ಕಲಸಲೂ ಬರುವುದಿಲ್ಲ. ಅಯ್ಯೋ ಅನ್ನಿಸಲಿಲ್ಲವೇ ಅಂತ ಕೇಳಬೇಡಿ. ಗಾಡಿ ಕಟ್ಟಿ ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನೇ. ಆದರೆ ಮನಸ್ಸಿನ ಒಂದು ಮೂಲೆಯಲ್ಲಿ, ಸರಿಯಾಯ್ತು ಮುದುಕಪ್ಪಾ, ಅಂತಲೂ ಅನ್ನಿಸಿತು. ಸುಳ್ಳು ಹೇಳಿ ಏನಾಗಬೇಕು?

ಹಂಡೆಯನ್ನು ಕಿತ್ತು ತೆಗೆದೆವು. ನೀರು ತುಂಬಿ ಇಡೀ ಒಂದು ದಿನ ಇಟ್ಟೆವು. ಒಂದು ಹನಿ ಸೋರಲಿಲ್ಲ. ಒಲೆಯ ಬೂದಿ ಒಣಗಿ ಹಿಟ್ಟಿನಂತಿತ್ತು. ಹನ್ನೆರಡು ಕೊಡ ನೀರು ಎಲ್ಲಿ ಹೋಯಿತು ಅಂತ ನನ್ನನ್ನು ಕೇಳಿದರೆ ನಾನೇನು ಹೇಳಲಿ?

ಅಂದಿನಿಂದ ಮಾಯಣ್ಣ ಪ್ರತೀ ಮಾರ್ಲಮಿಗೆ ಎಡಗೈಯಲ್ಲಿ ಎಡೆ ಹಿಡಿದು ಬಾವಿ ಹತ್ತಿರ ಹೋಗುತ್ತಾನೆ. ಇಟ್ಟು, ತಿರುಗಿ ನೋಡದೆ ಬರುತ್ತಾನೆ. ಮುದುಕನಿಗೆ ಒಪ್ಪಿಗೆ ಆಯಿತೋ ಇಲ್ಲವೋ, ನನಗೆ ಗೊತ್ತಿಲ್ಲ. ಆಗಿಲ್ಲ ಅಂತಲೇ ನನ್ನ ಲೆಕ್ಕ.

ಯಾಕೆ ಅಂದರೆ... ಇಂಜಿನ್ ಹೋಗಿ ಇವತ್ತಿಗೆ ಆರು ವರ್ಷ. ಆ ಹಳಿ ಮೇಲೆ ಏನೂ ಓಡಿಲ್ಲ, ಹಸು ಕೂಡ ಅಲ್ಲಿ ಕಾಲಿಡುವುದಿಲ್ಲ. ಆರು ಮಳೆಗಾಲ ನೆನೆದಿದೆ. ಬಡಿದ ಮೊಳೆಗಳಿಗೆ ತುಕ್ಕು, ಪಟ್ಟಿಯ ಎರಡೂ ಪಕ್ಕಕ್ಕೆ ತುಕ್ಕು. ಬೆಳಗಾಗಲಿ, ಬನ್ನಿ, ನಾನೇ ತೋರಿಸುತ್ತೇನೆ. ಬೆರಳಿಟ್ಟು ನೋಡಿ. ಮೇಲ್ಗಡೆ ಮಾತ್ರ ಬಾವಿ ಸುತ್ತಲೂ ಫಳಫಳ ಹೊಳೆಯುತ್ತಿದೆ. ನನ್ನಾಣೆ.