ಒಪ್ಪಿಗೆ ನಿಮ್ಮದೇ ಅಂದರು

ಹತ್ತಿರ ಬನ್ನಿ, ಮೆಲ್ಲಗೆ ಹೇಳ್ತೀನಿ. ಇದು ನಮ್ಮ ದೊಡ್ಡಮ್ಮನ ಮಗಳು ಲೇವಿಯಾಗೆ ಆದದ್ದು. ನಮ್ಮ ಎಮಾಯ್ ದ್ವೀಪದ ಆಸ್ಪತ್ರೆಗೆ ಅವಳೊಬ್ಬಳೇ ನರ್ಸು. ಡಾಕ್ಟರು ಇರೋದು ಸಮುದ್ರದಾಚೆ, ಪೋರ್ಟ್ ವಿಲಾದಲ್ಲಿ. ಕಷ್ಟದ ಕೇಸು ಬಂದರೆ ಕಂಪ್ಯೂಟರಿನಲ್ಲಿ ಅವರ ಮುಖ ನೋಡಿಕೊಂಡು, ಅವರು ಹೇಳಿದ ಹಾಗೆ ಮಾಡಬೇಕು.

ಒಂದು ರಾತ್ರಿ ಅವಳೂ ಗಂಡ ತಾರಿಸೂನೂ ಮದುವೆ ಮನೆಯಲ್ಲಿ ಗೆಡ್ಡೆ ತುರಿದು ಬೇಯಿಸಿದ ಲಪ್‌ಲಪ್ ತಿಂದು ವಾಪಸು ಬರ್ತಿದ್ದರು. ಆಸ್ಪತ್ರೆ ಹಿಂದಿನ ಆಲದ ಮರ ದಾಟಬೇಕು. ಗಾಳಿ ಇಲ್ಲ. ಒಂದೆಲೆ ಅಲ್ಲಾಡ್ತಿಲ್ಲ. ಆದರೂ... ಸುಂಯ್ ಅಂತ ಸದ್ದು. ನಿಂತಿತು. ಮತ್ತೆ ಸುಂಯ್... ಆಮೇಲೆ ಟಿಣ್.

"ಕಂಪ್ಯೂಟರು," ಅಂತ ಪಿಸುಗುಟ್ಟಿದಳು ಲೇವಿಯಾ.

"ಆರಿಸಿ ಬರಲಿಲ್ವೇನೇ?"

"ಆರಿಸಿದ್ದೆ. ಬೀಗಾನೂ ನಾನೇ ಹಾಕಿದ್ದು."

ಬೀಗ ಹಾಕಿದ ಹಾಗೇ ಇತ್ತು. ಒಳಗೆ ಕತ್ತಲಲ್ಲಿ ನೀಲಿ ಬೆಳಕು. ಪರದೆ ಮೇಲೆ... 'ಅಪ್‌ಡೇಟ್ ಆಗುತ್ತಿದೆ, ಆರಿಸಬೇಡಿ.'

ಅವಳು ನಿಂತಲ್ಲೇ ನಿಂತುಬಿಟ್ಟಳು. ಯಾಕೆ ಅಂದರೆ, ಕೇಳದೆ ಅಪ್‌ಡೇಟ್ ಮಾಡಬೇಡ ಅಂತ ಅವಳು ಯಾವತ್ತೋ ಬಂದ್ ಮಾಡಿಟ್ಟಿದ್ದಳು. ಅದು ಶುರುವಾದರೆ ಮುಗಿಯೋವರೆಗೂ ಡಾಕ್ಟರು ಸಿಗೋದಿಲ್ಲ. ಮರುದಿನ ನೋಡಿದರೆ ಬಂದ್ ಮಾಡಿದ್ದ ಸೆಟ್ಟಿಂಗು ತೆರೆದಿತ್ತು. ಮತ್ತೆ ಮುಚ್ಚಿದಳು. ಮತ್ತೆ ತೆರೆದುಕೊಂಡಿತು. ಕಸ ಗುಡಿಸೋಳ ಮೇಲೆ ಅನುಮಾನ ಬಂತು. ಆಮೇಲೆ ಗಂಡನ ಮೇಲೇ. ಬೀಗದ ಕೈ ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗೋಕೆ ಶುರುಮಾಡಿದಳು. ತಾರಿಸೂ ಮೊದಲು ನಗಾಡಿದ, ಕಾವಾ ಕುಡಿಯೋನು ನಾನು, ನಶೆ ಏರೋದು ನಿನಗೆ ಅಂತ. ಆಮೇಲೆ ಅವನೂ ನಗೋದು ಬಿಟ್ಟ.

ಕೊನೆಗೆ ಕಂಪ್ಯೂಟರ್ ಕಂಪನಿಗೆ ಫೋನು ಮಾಡಿದಳು. ಯಾವಳೋ ಸಕ್ಕರೆಯಂಥ ದನಿಯವಳು ಎತ್ತಿಕೊಂಡಳು.

"ಒಪ್ಪಿಗೆ ನಿಮ್ಮದೇ ಅಮ್ಮಾ. ರಾತ್ರಿ ನೀವೇ ಸರಿ ಅಂತ ಒತ್ತಿದ್ದೀರಿ."

"ರಾತ್ರಿ ನಾನು ಮನೆಯಲ್ಲಿ ಮಲಗಿದ್ದೆ."

"ಇಲ್ಲಿ ಹಾಗೆ ತೋರಿಸ್ತಿಲ್ಲ," ಅಂದಳಂತೆ ಅವಳು. ಫೋನು ಇಟ್ಟುಬಿಟ್ಟಳು.

ಅದೇ ವಾರ ನಮ್ಮೂರಿನ ಬಸುರಿ ಲೇಪಾಕೋವಾಗೆ ಹೆರಿಗೆ ನೋವು. ಕತ್ತಲಾಗಿತ್ತು, ಜಡಿಮಳೆ. ಕೂಸು ಕಾಲು ಮುಂದಾಗಿ ಬರ್ತಿತ್ತು. ಡಾಕ್ಟರು ಪರದೆಯಲ್ಲಿ ಸಿಕ್ಕರು. ಗಾಬರಿ ಬೇಡ, ಎಳೆಯಬೇಡಿ, ತಾನಾಗಿ ಇಳಿಯಲಿ, ಆಮೇಲೆ... ಅಂದರು. ಅಷ್ಟೇ. ಟಿಣ್... ಪರದೆ ಪೂರಾ ನೀಲಿ. ಸುಂಯ್...

ಫೋನಿಗೆ ಸಿಗ್ನಲ್ ಇಲ್ಲ. ಲೇವಿಯಾ ಆ ಪೆಟ್ಟಿಗೆಗೆ ಬೆನ್ನು ಹಾಕಿದಳು. ಲೇಪಾಕೋವಾಳ ಕಣ್ಣನ್ನೇ ನೋಡ್ತಾ, ಕಲಿತದ್ದನ್ನೆಲ್ಲ ನೆನೆಸಿಕೊಳ್ತಾ, ಹಲ್ಲು ಕಚ್ಚಿಕೊಂಡು ಮಾಡಿದಳು. ಕೂಸು ಬಂತು. ಅಳಲಿಲ್ಲ. ಬೆನ್ನು ಉಜ್ಜಿದಳು, ಉಜ್ಜಿದಳು... ಕೊನೆಗೆ ಕೀರಲು ದನಿಯಲ್ಲಿ ಒಮ್ಮೆ ಅತ್ತಿತು. ಹೆಣ್ಣು ಕೂಸು. ಲೇವಿಯಾನೂ ಅಲ್ಲೇ ಕೂತು ಅತ್ತಳು. ತಿರುಗಿ ನೋಡಿದರೆ ಪರದೆ ಇನ್ನೂ ನೀಲಿಯಾಗೇ ಇತ್ತು.

ಬೆಳಗ್ಗೆ ಸಿಗ್ನಲ್ ಸಿಗೋ ಗುಡ್ಡ ಹತ್ತಿದಳು. ಜೊತೆಗೆ ನಾನೂ ಹೋಗಿದ್ದೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳ್ತಿರೋದು. ನಡುನೀರಲ್ಲಿ ಕೈಬಿಟ್ಟಿತಲ್ಲ ನಿಮ್ಮ ಕಂಪ್ಯೂಟರು ಅಂತ ಡಾಕ್ಟರ ಹತ್ತಿರ ಜಗಳ ಆಡೋಕೆ ಹೊರಟವಳು ಅವಳು. ಫೋನನ್ನ ನನಗೂ ಕೇಳೋ ಹಾಗೆ ಇಟ್ಟಿದ್ದಳು. ಅವಳು ಬಾಯಿ ತೆಗೆಯೋ ಮೊದಲೇ ಡಾಕ್ಟರು ಹೊಗಳೋಕೆ ಶುರು. ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಮಾಡಿದಿರಿ ಅಂತ.

"ಅರ್ಧದಲ್ಲೇ ಕಟ್ಟಾಯ್ತಲ್ಲ ಡಾಕ್ಟ್ರೇ..."

"ಎಲ್ಲಿ ಕಟ್ಟಾಯ್ತು? ಕೊನೇವರೆಗೂ ನಿಮ್ಮ ಮುಖ ನನ್ನ ಮುಂದೇ ಇತ್ತು. ಏನು ಹೇಳಿದರೂ ಹೂಂ, ಸರಿ, ಹೂಂ, ಸರಿ ಅಂತಿದ್ದಿರಿ."

ಲೇವಿಯಾ ನನ್ನ ಕೈ ಹಿಡಕೊಂಡಳು.

ಡಾಕ್ಟರು ದನಿ ತಗ್ಗಿಸಿ ಕೇಳಿದರು... "ಒಂದು ಮಾತು ಸಿಸ್ಟರ್. ಅಷ್ಟು ಹೊತ್ತೂ ನನ್ನನ್ನೇ ನೋಡ್ತಿದ್ದಿರಿ. ನಿಮ್ಮ ಬೆನ್ನ ಹಿಂದೆ ಕೂಸು ಅತ್ತಾಗಲಾದರೂ ಒಮ್ಮೆ ತಿರುಗಿ ನೋಡಬಹುದಿತ್ತು. ಯಾಕೆ ತಿರುಗಲಿಲ್ಲ?"

ಈ ಕಿವಿಯಾರೆ ಕೇಳಿದ್ದೇನೆ. ನಂಬಿಕೆ ಬರದಿದ್ದರೆ ಡಾಕ್ಟರು ಇನ್ನೂ ವಿಲಾದಲ್ಲೇ ಇದ್ದಾರೆ, ಹೋಗಿ ಕೇಳಿ.