ಬಂದರಿನ ಗೇಟಲ್ಲಿ ಬಾರದ ನಿದ್ದೆ

ಹೊಸಕೋಟೆ ಬಸ್ ಸ್ಟ್ಯಾಂಡಿನಲ್ಲಿ ಕಂಟೇನರ್ ಲಾರಿ ಡ್ರೈವರ್ ಮುನೀಂದ್ರ ಹೆಂಡತಿ ಕವಿತಳ ಪಕ್ಕ ಕೂತಲ್ಲಿ ಕೂರಲಾರದೆ ಚಡಪಡಿಸುತ್ತಿದ್ದ. ಗಂಡಹೆಂಡತಿಯ ಮಾತು ಪಕ್ಕದ ಬೆಂಚಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಶಶಿರೇಖಾಳ ಕಿವಿಗೆ ಬೇಡವೆಂದರೂ ಬೀಳುತ್ತಿತ್ತು.

“ಬಂದರಿಗೆ ಇನ್ನು ಹೋಗಲ್ಲ ಕಣೇ ಕವಿತ. ಜಲ್ಲಿ ಲಾರಿ ಓಡಿಸ್ತೀನಿ.”

“ಯಾಕಂತೆ? ಈಗ ತಾನೆ ಆ ಹೊಗೆ ಕೆಮ್ಮು ಬಿಟ್ಟಿದೆ.”

“ನಿದ್ದೇನೂ ಬಿಟ್ಟಿದೆ. ಗೇಟಲ್ಲಿ ಕ್ಯೂ ನಿಂತ್ರೆ, ಹೊಗೆ ಅಂತ ಈಗ ಎಂಜಿನ್ ಆಫ್ ಮಾಡಿಸ್ತಾರೆ. ಆ ಸದ್ದಿಲ್ದೆ ನಂಗೆ ಕಣ್ಣು ಹತ್ತಲ್ಲ.”

“ನಿಶ್ಶಬ್ದವಾಗಿದ್ರೆ ಒಳ್ಳೇದಲ್ವಾ?”

“ಎಲ್ಲಿ ನಿಶ್ಶಬ್ದ? ಗೋಡೆ ಆಚೆ ಏನೋ ಧಪ್ ಧಪ್ ಅಂತಿತ್ತು. ಇಳಿದು ಕೇಳಿದ್ರೆ ಸಮುದ್ರವಂತೆ! ಇಷ್ಟು ವರ್ಷದಲ್ಲಿ ಒಂದಿನಾನೂ ಕೇಳಿರ್ಲಿಲ್ಲ.”

“ಹಂಗಾದ್ರೆ ಈ ಸಲ ನನ್ನೂ ಕರ್ಕೊಂಡೋಗಿ, ನಾನೂ ಕೇಳ್ತೀನಿ. ಜಲ್ಲಿ ಲಾರಿ ಮಾತು ಬಿಡಿ.”

ಹೊಗೆಯುಗುಳುತ್ತಾ ಬಸ್ಸು ಬಂತು. ಗಂಡಹೆಂಡತಿ ಇಬ್ಬರೂ ಹತ್ತಿದರು. ಗಡಗಡ ನಡುಗುವ ಕಿಟಕಿಗೆ ತಲೆಯಾನಿಸಿದ ಮುನೀಂದ್ರ, ಬಸ್ಸು ಹೊರಡುವ ಮೊದಲೇ ಬಾಯಿ ತೆರೆದು ನಿದ್ದೆ ಹೋಗಿದ್ದ.