ಹತ್ತು ಚೀಲ, ನಾಕು ನಿಮಿಷ

ಹತ್ತು ಚೀಲ ಸೋನಾಮಸೂರಿ. ಇಪ್ಪತ್ತೈದು ಕೆಜಿದು ಒಂದೊಂದು. ನಿಮ್ಮ ಬಾಯಿಂದ ಬಂದ ಮಾತು ಇದು, ಗವಿಸಿದ್ದಪ್ಪನವ್ರೆ, ನಾನು ಕೇಳಿದ್ದಲ್ಲ. ‘ಸಾಬ್ರ, ಕುರುಗೋಡು ಕಬಡ್ಡಿ ಫೈನಲ್‌ನಾಗ ಕೊನಿ ನಾಕು ನಿಮಿಷ ನಿಮ್ಮ ಟೀಮು ಹೆಂಗ ಜಗ್ಗಿ ಹಿಡೀತು, ಅಷ್ಟು ಹೇಳ್ರಿ, ನಮ್ಮ ಗಿರಣಿಯಿಂದ ಹತ್ತು ಚೀಲ ನಿಮ್ಮ ಮನಿ ಮುಂದ ಇಳಿಸ್ತೀನಿ’ ಅಂದ್ರಿ. ಅಂದ್ರೋ ಇಲ್ಲೋ? ... ಹಾಂ. ತಲಿ ಆಡಿಸಿದ್ರಿ, ಸಾಕು. ಕೌಲ್ ಬಜಾರ್‌ನಾಗ ತಲಿ ಆಡಿಸಿದ್ರ ಕರಾರು ಆದಂಗ.

ಕುಂದರ್ರಿ. ಆ ಸ್ಟೂಲ್ ಬ್ಯಾಡ, ಅದರ ಒಂದು ಕಾಲು ಹೋಗೈತಿ. ಪ್ಯಾಂಟಿನ ಗಂಟಿನ ಮ್ಯಾಲ ಕುಂದರ್ರಿ, ಜೀನ್ಸ್‌ಗೆ ಏನೂ ಆಗಂಗಿಲ್ಲ. ಒಳಗ ಮಷಿನ್ ಸಪ್ಪಳ ಐತಿ, ಜೋರಾಗೇ ಮಾತಾಡ್ತೀನಿ. ಇವತ್ತಿನ ಕೊನಿ ಬಂಡಲ್ ಹೊಲಿಯಾಕತ್ತಾರ. ಐದಕ್ಕ ಪಾರ್ಸಲ್ ಲಾರಿ. ಲಾರಿ ಬಂತೋ ಇಲ್ಲೋ ಅಂತ ಸಂದಿ ತುದೀಗೆ ಹೋಗಿ ನೋಡೋದು ನಾನ. ಇಪ್ಪತ್ತು ವರ್ಷದಿಂದ ನಾನ. ನಮ್ಮ ಮನಿಯಾಕಿ ಚಾಂದಬೀ ಹೇಳ್ತಾಳ, ‘ಲಾರಿ ವಿಷಯದಾಗ ನಿಮ್ಮನ್ನ ಬಿಟ್ಟು ಯಾರನ್ನೂ ನಂಬಾಕ ಬರಂಗಿಲ್ಲ’ ಅಂತ. ಒಂದು ಕಾರ್ಖಾನಿ ಅಂದ ಮ್ಯಾಲ ಇಂಥಾ ಜವಾಬ್ದಾರಿ ಯಜಮಾನಂದ ಅಲ್ಲೇನು?

ಚಾ ಕುಡೀರಿ. ಹೇಳ್ತೀನಿ, ಹೇಳ್ತೀನಿ. ಅವಸರ ಮಾಡಿದ್ದಕ್ಕ ಅಲ್ಲೇನ್ರಿ ನೀವು ಸೆಮಿಫೈನಲ್‌ನಾಗ ಎಂಟು ಪಾಯಿಂಟ್ ಮುಂದಿದ್ದವರು ಸೋತು, ಟೀಮಿಗೆ ಊಟಾನೂ ಹಾಕಿಸದಂಗ ಸಿರುಗುಪ್ಪದ ದಾರಿ ಹಿಡಿದದ್ದು? ... ಸಿಟ್ಟಾಗಬ್ಯಾಡ್ರಿ. ನಾನೂ ಆ ದಾರ್‍ಯಾಗ ಹೋದವನ.

ಮೋಕಾದಾಗ ಒಂಬತ್ತು ಪಾಯಿಂಟ್ ಮುಂದಿದ್ವಿ. ಐದು ನಿಮಿಷ ಬಾಕಿ. ಸೋತ್ವಿ. ಹುಡುಗ್ರು ಮಧ್ಯಾಹ್ನ ಒಗ್ಗರಣಿ ಮಿರ್ಚಿ ತಿಂದಿದ್ರು, ಹೊಟ್ಟಿ ಭಾರ ಅಂತ ನಾನು ಮಿರ್ಚಿ ಬಂದ್ ಮಾಡಿಸಿದೆ. ರೂಪನಗುಡ್ಯಾಗ ಬಾಳೆಹಣ್ಣು ತಿನಿಸಿ ಇಳಿಸಿದೆ. ಆರು ಪಾಯಿಂಟ್ ಮುಂದ. ಸೋತ್ವಿ. ಬನಿಯನ್ ಬಣ್ಣ ಸರಿ ಇಲ್ಲ ಅಂತ ಹಳದಿ ಹೋಗಿ ನೀಲಿ ಬಂತು. ನೀಲಿ ಹಾಕ್ಕೊಂಡೂ ಸೋತ್ವಿ. ಎಲ್ಲಾ ಕಡೆ ಒಂದ ಕಥಿ: ಮೊದಲನೇ ಅರ್ಧ ಹುಲಿಗಳು, ಕೊನಿ ಐದು ನಿಮಿಷ ಬಂತಂದ್ರ ಮದುವಿ ಮನ್ಯಾಗ ದಾರಿ ತಪ್ಪಿದ ಮಕ್ಕಳು.

ನಾನಾ? ನಾನು ಎಲ್ಲಿರ್ತಿದ್ದೆ ಅಂದ್ರ... ಗೆರಿ ಹತ್ರ. ಮತ್ತೆಲ್ಲಿ? ಬಟ್ಟಿ ನಂದು, ಬೂಟು ನಂದು, ಬಾಡಿಗಿ ಟೆಂಪೋ ನಂದು. ಬಾಯಿ ಮಾತ್ರ ಸುಮ್ಮನ ಇಟ್ಕೋಬೇಕೇನು? ‘ಹಿಡೀರಲೇ’ ಅಂತಿದ್ದೆ. ‘ಬಿಡ್ರಲೇ’ ಅಂತಿದ್ದೆ. ಒಮ್ಮೊಮ್ಮೆ ಎರಡೂ ಕೂಡೇ ಬರ್ತಿದ್ವು, ಅದು ಬ್ಯಾರೆ ಮಾತು. ಮೋಕಾದಾಗ ಒಂದೀಟು ನನ್ನ ಕಾಲು ಗೆರಿ ಒಳಗ ಹೋತು, ಅಂಪೈರ್ ಎದುರಿನವರಿಗೆ ಒಂದು ಪಾಯಿಂಟ್ ಕೊಟ್ಟ. ... ಹೌದು, ಒಂದ ಪಾಯಿಂಟಿನಾಗ ಸೋತದ್ದು. ಯಾಕ ನಗ್ತೀರಿ? ನಿಮ್ಮ ಕಾಲೂ ಸೆಮಿಫೈನಲ್‌ನಾಗ ಗೆರಿ ಮ್ಯಾಲ ಇತ್ತು, ನಾನು ನೋಡೀನಿ.

ಇರಲಿ. ಈಗ ಅಸಲು ಮಾಲು ತಗೀತೀನಿ, ಕೇಳ್ರಿ.

ಕುರುಗೋಡು ಫೈನಲ್. ಅವರ ಊರು, ಅವರ ಮಂದಿ, ಮರದ ಮ್ಯಾಲೂ ಮಂದಿ. ನಾವು ಮೂವತ್ತು, ಅವರು ಇಪ್ಪತ್ನಾಕು. ನಾಕು ನಿಮಿಷ ಬಾಕಿ. ನಮ್ಮ ಕಡೆ ಟೈಮ್‌ಔಟ್ ಆತು. ನಾನು ಹುಡುಗ್ರನ್ನ ಸುತ್ತ ನಿಲ್ಲಿಸಿಕೊಂಡೆ. ಕ್ಯಾಪ್ಟನ್ ಅಜರುದ್ದೀನನ ಹೆಗಲ ಮ್ಯಾಲ ಕೈ ಇಟ್ಟೆ. ಗೊತ್ತಲ್ಲ, ನಮ್ಮ ಕಟಿಂಗ್ ಮಾಸ್ಟರ್, ನಲವತ್ತು ಪದರ ಬಟ್ಟಿ ಒಂದ ಏಟಿಗೆ ಕತ್ತರಿಸ್ತಾನ, ಒಂದು ದಾರ ಸರಿಯಂಗಿಲ್ಲ. ಅಂದೆ: ‘ಲೇ ಅಜರು, ನಾಕು ನಿಮಿಷ ಅಂದ್ರ ಎಷ್ಟು? ಎಂಟು ರೇಡು. ನಾಕು ಅವರವು, ನಾಕು ನಮ್ಮವು. ನಮ್ಮ ಕೈಯಾಗ ಆರು ಐತಿ. ಗಿರಾಕಿ ಹೂಂ ಅಂದಾನ. ಇನ್ನ ನಮ್ಮ ಕೆಲಸ ಏನು? ಬಾಯಿ ಮುಚ್ಚೋದು, ಮಡಚೋದು, ದಾರ ಕಟ್ಟೋದು.’

ಇದು ನೋಡ್ರಿ ಗುಟ್ಟು. ಮೂವತ್ತು ವರ್ಷದ ವ್ಯಾಪಾರದಾಗ ಕಲಿತದ್ದು. ರೇಟು ಒಪ್ಪಿದ ಮ್ಯಾಲ ‘ಬಟ್ಟಿ ಭಾಳ ಗಟ್ಟಿ ಐತ್ರಿ’ ಅಂತ ಒಂದು ಮಾತು ಹೆಚ್ಚಿಗಿ ಆಡಿ ನೋಡ್ರಿ. ಗಿರಾಕಿ ಮಡಚಿದ ಪ್ಯಾಂಟ್ ಬಿಚ್ಚಿ ನೋಡ್ತಾನ. ಜಿಪ್ ಎಳೀತಾನ. ಹತ್ತು ರೂಪಾಯಿ ಕಮ್ಮಿ ಮಾಡ್ರಿ ಅಂತಾನ. ಆದ ವ್ಯಾಪಾರ ಕೆಡೋದು ಮಾಲಿನಿಂದಲ್ಲ, ನಮ್ಮ ಬಾಯಿಂದ. ಮುಂದಿದ್ದ ಟೀಮು ಸೋಲೋದೂ ಹಂಗ. ಗೆದ್ದದ್ದನ್ನ ಇನ್ನೊಮ್ಮೆ ಗೆಲ್ಲಾಕ ಹೋಗ್ತಾರ.

ಹಾಂ, ಈಗ ನಿಮ್ಮ ಮುಖ ಅರಳಿತು. ಬರಕೋರಿ ಬೇಕಂದ್ರ.

ಕೊನಿ ರೇಡಾ? ಕೊನಿ ರೇಡಿನ ಸುದ್ದಿ ಕೇಳ್ರಿ. ನನಗ ಈಗಲೂ ಮೈ ಜುಮ್ ಅಂತೈತಿ. ಅಜರುದ್ದೀನ ಹೋದ. ಇಡೀ ಕುರುಗೋಡು ಎದ್ದು ನಿಂತೈತಿ. ನಾನು ಗೆರಿ ಹತ್ರ ನಿಂತು ಬೆರಳು ತೋರಿಸಿದೆ, ಬಲಗಡೆ ಅಂತ. ಹುಡುಗ ಬಲಗಡೆ ಹಾರಿದ ನೋಡ್ರಿ... ಒಬ್ಬನ್ನ ಕಾಲಿಲೆ, ಇನ್ನೊಬ್ಬನ್ನ ಕೈಲೆ. ಇಬ್ಬರು ಔಟ್. ಸೀಟಿ ಊದಿದ್ರು. ಗೆದ್ವಿ.

ಹಂಗ.

... ಯಾಕ ಮುಖ ತಿರುಗಿಸಿದ್ರಿ? ಚಾ ಆರಿತೇನು?

ಏನು ನೋಡ್ತೀರಿ? ಫೈನಲ್ ಗೆದ್ದ ಕಪ್ಪಾ? ತಗದು ನೋಡ್ರಿ, ಹಿತ್ತಾಳಿ ಗಟ್ಟಿ ಐತಿ. ಅದರ ಹಿಂದ ಅಂಟಿಸಿದ್ದಾ? ಅದು ಸ್ಕೋರ್ ಹಾಳಿ. ಕೌಲ್ ಬಜಾರ್ ಮೂವತ್ತು, ಕುರುಗೋಡು ಇಪ್ಪತ್ತೊಂಬತ್ತು. ಅಂಪೈರ್ ಸಹಿ ಐತಿ.

... ಹೌದು, ಮೂವತ್ತು. ನಾಕು ನಿಮಿಷ ಬಾಕಿ ಇದ್ದಾಗ... ಆಗಲೂ ಮೂವತ್ತು. ನಾನ ಹೇಳಿದೆ ಈಗ.

ಕೊನಿಗೆ ಇಬ್ಬರನ್ನ ಔಟ್ ಮಾಡಿದ್ರ ಮೂವತ್ತೆರಡು ಆಗಬೇಕಿತ್ತು. ಹೌದ್ರಿ. ಎರಡು ಕೂಡಿಸೋದು ನನಗೂ ಬರ್ತೈತಿ.

ಒಬ್ಬನ್ನ ಮುಟ್ಟಿರಬೇಕು... ಇಲ್ಲ, ಅದೂ ಕೂಡಂಗಿಲ್ಲ.

ನೀವು ಸುಮ್ಮನಿರಬ್ಯಾಡ್ರಿ, ಗವಿಸಿದ್ದಪ್ಪನವ್ರೆ. ಏನಾದ್ರೂ ಅನ್ರಿ. ಸುಳ್ಳ ಅಂದ್ರೂ ನಡೀತೈತಿ. ಹಿಂಗ ಚಾ ಕಪ್ ಹಿಡಕೊಂಡು ನೋಡಿದ್ರ ನಾನು ಏನು ಮಾಡಲಿ?

... ಆತು. ನಾನು ಅಲ್ಲಿದ್ದಿಲ್ಲ.

ಟೈಮ್‌ಔಟ್ ನಾನು ಕೇಳಿದ್ದಲ್ಲ, ಅಜರುದ್ದೀನ ಕೇಳಿದ್ದ. ಓಡಿ ಬಂದು ‘ಸೇಠ, ಅಶ್ಫಾಕನ ಮೊಣಕಾಲು ಬಾತೈತಿ, ಐಸ್ ಬೇಕು, ಬಸ್ ಸ್ಟ್ಯಾಂಡ್ ಹತ್ರ ಸೋಡಾ ಅಂಗಡ್ಯಾಗ ಸಿಗ್ತೈತಿ, ನಿಮ್ಮನ್ನ ಬಿಟ್ಟು ಯಾರನ್ನೂ ನಂಬಾಕ ಬರಂಗಿಲ್ಲ’ ಅಂದ. ಓಡಿದೆ. ಈ ವಯಸ್ಸಿನಾಗ, ಲುಂಗಿ ಎತ್ತಿ ಕಟ್ಟಿ, ಕುರುಗೋಡು ಬಜಾರದಾಗ ಓಡಿದೆ. ದೊಡ್ಡ ಗಡ್ಡಿ ಕೊಡ್ರಿ ಅಂತ ಅಲ್ಲಿ ಚೌಕಾಸಿನೂ ಮಾಡಿದೆ. ಎದಿಗೆ ಅವಚಿಕೊಂಡು ತರೋದ್ರಾಗ ಮ್ಯಾಚ್ ಮುಗಿದು ಡೊಳ್ಳು ಬಾರಿಸಾಕತ್ತಿದ್ರು. ಅಶ್ಫಾಕ... ಅಶ್ಫಾಕ ಕುಣಿಯಾಕತ್ತಿದ್ದ. ಅದ ಮೊಣಕಾಲು ಎತ್ತೆತ್ತಿ.

ನಗ್ರಿ. ಈಗ ನಗ್ರಿ, ನಾನೂ ನಗ್ತೀನಿ.

ಐಸಾ? ಯಾರಿಗೂ ಬೇಕಾಗಿದ್ದಿಲ್ಲ. ಶರಬತ್ತಿಗೆ ಹಾಕಿದ್ವಿ.

ಆದ್ರ ಆ ಹಾಳಿ ಒಂದು ಸಲ ಇತ್ತಾಗ ಕೊಡ್ರಿ. ನಾನೂ ಕಣ್ಣಿಟ್ಟು ನೋಡಿದ್ದಿಲ್ಲ. ಕಪ್ ಬಂತು, ಅಂಟಿಸಿದೆ, ಮುಗೀತು. ಇಲ್ಲಿ ನೋಡ್ರಿ ಗುರುತು. ನಾಕು ಸಲ ಅವರು ನಮ್ಮ ಅಂಗಳಕ್ಕ ಬಂದಾರ, ನಾಕು ಸಲ ಹಿಂದಿನ ಗೆರಿ ದಾಟಿ ಒಂದೊಂದು ಬೋನಸ್ ತಗಂಡು ಹೋಗ್ಯಾರ. ನಮ್ಮವರು ಹಿಡಿಯಾಕ ಹೋಗೇ ಇಲ್ಲ, ಮೂಲ್ಯಾಗ ನಿಂತು ಕೊಟ್ಟು ಕಳಿಸ್ಯಾರ. ನಾನಿದ್ರ ‘ಹಿಡೀರಲೇ’ ಅಂತಿದ್ದೆ, ಹಾರ್‍ತಿದ್ರು, ಮೂವರು ನಾಕು ಜನ ಔಟಾಗ್ತಿದ್ರು. ನಮ್ಮವರ ರೇಡು? ಒಂದು ಖಾಲಿ. ಇನ್ನೊಂದು ಖಾಲಿ. ಎರಡು ಖಾಲಿ ಆದ ಮ್ಯಾಲ ಮೂರನೇದರಾಗ ಪಾಯಿಂಟ್ ತರಲೇಬೇಕು, ತರದಿದ್ರ ಔಟ್. ಔಟಾದ, ಒಂದು ಹೋತು. ನಾಕನೇದು, ಅಜರುದ್ದೀನಂದು, ಖಾಲಿ. ಮೂವತ್ತು ಸೆಕೆಂಡು ‘ಕಬಡ್ಡಿ ಕಬಡ್ಡಿ’ ಅಂತ ಅಡ್ಡಾಡಿ, ಯಾರನ್ನೂ ಮುಟ್ಟದಂಗ, ತನ್ನ ಮನಿಗೆ ತಾನು ವಾಪಸ್ ಬಂದಾನ.

ಆರು ಇತ್ತು. ಐದು ಕೊಟ್ಟಾರ. ಒಂದು ಉಳಿಸ್ಯಾರ.

ಬಾಯಿ ಮುಚ್ಚಿ, ಮಡಚಿ, ದಾರ ಕಟ್ಟ್ಯಾರ. ನನ್ನ ಮಾತ ಅದು, ಗವಿಸಿದ್ದಪ್ಪನವ್ರೆ. ಇವತ್ತು ಕಟ್ಟಿದ್ದಲ್ಲ, ದಿನಾ ಅಂಗಡ್ಯಾಗ ಅವರ ಕಿವಿ ತೂತು ಬೀಳೋತನ ಹೇಳಿದ್ದು. ಅವರು ಕೇಳ್ಯಾರ. ಕೇಳದವನು ಒಬ್ಬನ, ಆ ಒಬ್ಬನ್ನ ಬಸ್ ಸ್ಟ್ಯಾಂಡಿಗೆ ಕಳಿಸ್ಯಾರ.

ಇಷ್ಟು ತಲಿ ಅಜರುದ್ದೀನಗ ಎಲ್ಲಿಂದ ಬಂತು ಅಂತೀನಿ. ಬಟ್ಟಿ ಕತ್ತರಿಸೋ ಹುಡುಗ...

ಒಂದು ನಿಮಿಷ ಇರ್ರಿ. ಒಳಗಿಂದ ಚಾಂದಬೀ ಕರ್‍ಯಾಕತ್ತಾಳ. ಏನ? ... ಆತು ಆತು, ಲಾರಿ ಬಂತಾ ನೋಡ್ಕೊಂಡು ಬರ್ತೀನಿ. ಕೊನಿ ಬಂಡಲ್ ಮಷಿನ್ ಮ್ಯಾಲ ಐತಂತ, ಹಿಂದ ನಿಂತು ಎಣಿಸೋದು ಬ್ಯಾಡಂತ, ಹೊರಗ ಹೋಗಿ...

...

ಗವಿಸಿದ್ದಪ್ಪನವ್ರೆ.

ಇಪ್ಪತ್ತು ವರ್ಷ.

ಈ ಕಾರ್ಖಾನಿ ಇಟ್ಟ ಮೊದಲನೇ ವರ್ಷ ನಾನು ಹೊಲಿಯೋರ ಹಿಂದ ನಿಂತು ‘ಬಡಬಡ ಹೊಲೀರಿ, ಲಾರಿ ಬಂತು’ ಅಂತಿದ್ದೆ. ದಿನಾ ಎರಡು ಸೂಜಿ ಮುರೀತಿದ್ವು, ಒಂದು ಕಾಲು ಉದ್ದ ಒಂದು ಕಾಲು ಗಿಡ್ಡ ಆಗ್ತಿತ್ತು. ಆಮ್ಯಾಲ ಚಾಂದಬೀ ನನಗ ಈ ಲಾರಿ ಜವಾಬ್ದಾರಿ ಕೊಟ್ಲು. ಅಲ್ಲಿಂದ ಇಲ್ಲಿತನ ಒಂದು ಪಾರ್ಸಲ್ ವಾಪಸ್ ಬಂದಿಲ್ಲ. ನಾನು ತಿಳ್ಕೊಂಡಿದ್ದು ಏನಂದ್ರ, ಲಾರಿ ಸರಿಯಾಗಿ ನೋಡಿದ್ದಕ್ಕ ಅಂತ.

ಲಾರಿ ದಿನಾ ಹಾರ್ನ್ ಹೊಡೀತೈತ್ರಿ. ಒಳಗ ಕುಂತ್ರೂ ಕೇಳಿಸ್ತೈತಿ.

ಎದ್ರಿ ಯಾಕ? ... ಒಳಗ? ಆಕಿ ಹತ್ರ ಮಾತಾಡಾಕ? ಹೋಗ್ರಿ. ಮಾಲು ಯಾರದೋ ರೊಕ್ಕ ಅವರದ, ಅಷ್ಟು ವ್ಯಾಪಾರ ನನಗೂ ಗೊತ್ತೈತಿ. ಆದ್ರ ಒಂದು ಮಾತು ಪುಕ್ಕಟೆ ಹೇಳ್ತೀನಿ: ಮುಂದಿನ ಸಲ ನಿಮ್ಮ ಹುಡುಗ್ರು ಐಸ್ ತರ್‍ರಿ ಅಂದ್ರ, ಮೊಣಕಾಲು ನೋಡಾಕ ಹೋಗಬ್ಯಾಡ್ರಿ. ಸುಮ್ಮನ ಹೋಗ್ರಿ. ಸೋಡಾ ಅಂಗಡ್ಯಾಗ ಬೆಂಚು ಐತಿ, ಇಬ್ಬರು ಕುಂದ್ರಬಹುದು.

ಹತ್ತು ಚೀಲ ಚಾಂದಬೀಗೆ. ಗೆದ್ದ ಕಪ್ ಹುಡುಗ್ರಿಗೆ. ನನಗ ಒಂದು ಪಾಯಿಂಟು... ಲಾರಿ ಇನ್ನೂ ಬಂದಿಲ್ಲ, ನಾನು ನೋಡ್ಕೊಂಡು ಬರ್ತೀನಿ.